ಕಿಟಕಿ ಇಳಿಸಿದ ಗಾಡಿ ಮತ್ತು ಹಿಮಕರಡಿ

ಹೋದ ವಾರ ಮನೆಯ ಏಸಿ ಕೈಕೊಟ್ಟಿತು. ಜುಲೈ ತಿಂಗಳ ಕುವೈತಿನಲ್ಲಿ ಏಸಿ ಕೈಕೊಡುವುದೆಂದರೇನು ಎಂದು ಇಲ್ಲಿ ಬದುಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಟ್ಟಡ ನೋಡಿಕೊಳ್ಳುವ ಹಾರಿಸ್ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದ. ಗೋಡೆಯ ಮೇಲಿದ್ದ ಥರ್ಮೋಸ್ಟಾಟ್ ತೀರಾ ಹಳೆಯದಾಗಿದೆ, ಹೊಸದು ಹಾಕಬೇಕು ಎಂದ ಆ ಮೆಕ್ಯಾನಿಕ್ ಅದನ್ನು ಬಿಚ್ಚಿ ನನ್ನ ಕೈಗಿಟ್ಟ. ಹಳದಿಗಟ್ಟಿದ ಪ್ಲಾಸ್ಟಿಕ್ಕಿನ ಪೆಟ್ಟಿಗೆ. ಅದರ ಮೂಲೆಯಲ್ಲಿ ಹೆಬ್ಬೆರಳಿನಗಲದ ಒಂದು ಸ್ಟಿಕ್ಕರ್. ಬಣ್ಣ ಹೋಗಿತ್ತು, ಅಂಚು ಸುರುಳಿ ಸುತ್ತಿಕೊಂಡಿತ್ತು, ಒಂದು ಕಿವಿ ಹರಿದಿತ್ತು... ಆದರೂ ಅದು ಹಿಮಕರಡಿ ಎಂದು ಗೊತ್ತಾಗುತ್ತಿತ್ತು.

ಮೆಕ್ಯಾನಿಕ್ ಅದನ್ನು ಕಸದ ಚೀಲಕ್ಕೆ ಹಾಕಲು ಕೈ ಚಾಚಿದ. ನಾನು ಕೊಡಲಿಲ್ಲ. ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ, ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದ ಮೇಲೆ ಕೂತುಬಿಟ್ಟೆ. ಎದುರು ಮನೆಯ ಅಣ್ಣ ನೆನಪಾದರು.

ಫಹಾಹೀಲಿನ ಈ ಕಟ್ಟಡಕ್ಕೆ ನಾವು ಬಂದಾಗ ಅವರು ಆಗಲೇ ಇಲ್ಲಿದ್ದರು. ಬಾಗಲಕೋಟೆ ಕಡೆಯವರು. ನಾನು ಮಂಡ್ಯದವಳು. ಮೊದಮೊದಲು ನಾವಿಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದರೂ ಅರ್ಧ ಮಾತಿಗೆ ಸುಮ್ಮನೆ ತಲೆಯಾಡಿಸಿದ್ದೇ ಹೆಚ್ಚು. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರು, ಆದರೂ ನನ್ನನ್ನು 'ಅಕ್ಕಾರ' ಎಂದೇ ಕರೆಯುತ್ತಿದ್ದರು. ನನ್ನನ್ನು ಮುದುಕಿ ಮಾಡಬೇಡಿ ಎಂದು ಒಮ್ಮೆ ರೇಗಿದ್ದೆ. ನಕ್ಕರೇ ಹೊರತು ಕರೆಯುವುದನ್ನು ಬಿಡಲಿಲ್ಲ.

ಅವರು ಹತ್ತಿರದ ಒಂದು ತೈಲ ಸ್ಥಾವರದಲ್ಲಿ ಟೆಕ್ನಿಷಿಯನ್. ನಮ್ಮ ಟೆರೇಸಿನಿಂದ ನೋಡಿದರೆ ದಕ್ಷಿಣದ ಕಡೆ ಎತ್ತರದ ಕೊಳವೆಯ ತುದಿಯಲ್ಲಿ ಸದಾ ಬೆಂಕಿ ಉರಿಯುತ್ತಿರುತ್ತದಲ್ಲ, ಮಿಕ್ಕ ಅನಿಲವನ್ನು ಸುಡುವ ಬೆಂಕಿ, ಅದರ ಆಸುಪಾಸಿನಲ್ಲೇ ಅವರ ಕೆಲಸ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಒಬ್ಬಳೇ ಮಗಳು. ನಾನು ಮನೆಯಲ್ಲೇ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದೆ. ಅವರ ಮನೆಯ ಒಂದು ಕೀಲಿ ನಮ್ಮಲ್ಲಿ, ನಮ್ಮದೊಂದು ಅವರಲ್ಲಿ. ಪರದೇಶದಲ್ಲಿ ನೆಂಟಸ್ತಿಕೆ ಶುರುವಾಗುವುದೇ ಹೀಗೆ.

ಆ ಮಗಳಿಗೆ ಆಗ ಹತ್ತು ವರ್ಷ. ಅದಾಗಿ ಈಗ ಲೆಕ್ಕ ಹಾಕಿದರೆ ಹದಿನೈದು ವರ್ಷವಾದರೂ ಆಗಿರಬೇಕು. ಶಾಲೆಯಲ್ಲಿ ಬೇಸಿಗೆ ರಜೆಗೆ ಹೋಂವರ್ಕ್ ಕೊಟ್ಟಿದ್ದರು. ಅಳಿವಿನ ಅಂಚಿನಲ್ಲಿರುವ ಒಂದು ಪ್ರಾಣಿಯನ್ನು ಆರಿಸಿಕೊಂಡು ಚಾರ್ಟ್ ಮಾಡಬೇಕು, ಕೊನೆಯಲ್ಲಿ 'ಇದನ್ನು ಉಳಿಸಲು ನಾನು ಮನೆಯಲ್ಲಿ ಏನು ಮಾಡುತ್ತೇನೆ' ಎಂದು ಬರೆಯಬೇಕು. ಇವಳು ಹಿಮಕರಡಿಯನ್ನು ಆರಿಸಿಕೊಂಡಳು. ಬೇರೆ ಮಕ್ಕಳು ಹಾಳೆ ತುಂಬಿಸಿ ಅಲ್ಲಿಗೆ ಬಿಟ್ಟರು. ಇವಳು ಬಿಡುವ ಪೈಕಿಯಲ್ಲ.

ದಿನಾ ಮಧ್ಯಾಹ್ನ ನಮ್ಮ ಮನೆಗೆ ಬಂದು ಅದೇ ಪುರಾಣ. ಹಿಮಕರಡಿ ನೀರಿನಲ್ಲಿ ಬೇಟೆಯಾಡುವುದಿಲ್ಲ, ಸಮುದ್ರದ ಮೇಲೆ ಹೆಪ್ಪುಗಟ್ಟಿದ ಮಂಜಿನ ಮೇಲೆ ಕಾದು ಕೂತು ಸೀಲ್ ಹಿಡಿಯುತ್ತದೆ. ಮಂಜು ಬೇಗ ಕರಗಿ ತಡವಾಗಿ ಕಟ್ಟಿದರೆ ಅಷ್ಟೂ ದಿನ ಉಪವಾಸ. ತಾಯಿಗೆ ಕೊಬ್ಬಿಲ್ಲದಿದ್ದರೆ ಹಾಲಿಲ್ಲ, ಹಾಲಿಲ್ಲದಿದ್ದರೆ ಮರಿ ಇಲ್ಲ. ಬೇಟೆ ನಿಲ್ಲಿಸಿದರೆ ಸಾಲದು, ಮರಿ ಹಾಕುವ ಗುಹೆಗಳ ಕಡೆ ಯಾರೂ ಹೋಗದ ಹಾಗೆ ಕಾದರೂ ಸಾಲದು, ಮಂಜು ಉಳಿಯಬೇಕು. ಅದು ಉಳಿಯಬೇಕಾದರೆ ಎಣ್ಣೆ, ಅನಿಲ ಸುಡುವುದು ಕಡಿಮೆಯಾಗಬೇಕು. ನಾನು ಬದನೆಕಾಯಿ ಹೆಚ್ಚುತ್ತಾ ಹೂಂಗುಟ್ಟುತ್ತಿದ್ದೆ. "ಆಂಟಿ, ದೇ ಕ್ಯಾನ್‌ಟ್ ಸ್ವಿಮ್ ಫಾರೆವರ್," ಎಂದು ನನ್ನ ಮೊಣಕೈ ಹಿಡಿದು ಅಲುಗಾಡಿಸುತ್ತಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಇಂಗ್ಲಿಷಿನಲ್ಲೇ.

ಅವಳು ಆಗಲೇ ಒಂದಕ್ಕೊಂದು ಕೂಡಿಸಿ ನೋಡಿದ್ದಳು. ಇಲ್ಲಿ ಕರೆಂಟು ಬರುವುದು ಎಣ್ಣೆ, ಅನಿಲ ಸುಟ್ಟು. ಆ ಕರೆಂಟಿನಲ್ಲಿ ಹೆಚ್ಚಿನದನ್ನು ನುಂಗುವುದು ಏಸಿ. ಅವಳ ಚಾರ್ಟಿನ ಕೊನೆಯ ಸಾಲು: 'ನಾನು ಏಸಿ ಆರಿಸುತ್ತೇನೆ.' ಎಲ್ಲಿ ಓದಿದ್ದಳೋ, ಯಾವ ತಣ್ಣನೆಯ ಊರಿನ ಮಕ್ಕಳಿಗೆ ಬರೆದ ಬುದ್ಧಿಮಾತೋ ಏನೋ. ಆಗಸ್ಟ್ ತಿಂಗಳ ಫಹಾಹೀಲಿನಲ್ಲಿ ಕೂತ ಮಗು ಅದನ್ನು ಹಾಗೇ ನಂಬಿಬಿಟ್ಟಿತು.

ಒಂದು ದಿನ ಮಧ್ಯಾಹ್ನ ಊಟದ ಹೊತ್ತಾದರೂ ಅವಳು ಬರಲಿಲ್ಲ. ಕಟ್ಟಡ ಪೂರ್ತಿ ಖಾಲಿ, ಎಲ್ಲರೂ ರಜೆಗೆ ಊರಿಗೆ ಹೋಗಿದ್ದರು. ಅವಳ ಅಮ್ಮ ಡ್ಯೂಟಿಯಲ್ಲಿ, ಅಪ್ಪ ಸ್ಥಾವರದಲ್ಲಿ. ಹೋಗಿ ಬೆಲ್ ಒತ್ತಿದೆ. ಸದ್ದಿಲ್ಲ. ಫೋನ್ ಮಾಡಿದೆ, ಒಳಗೆ ಬಡಿದುಕೊಳ್ಳುತ್ತಿದ್ದುದು ಹೊರಗೆ ನನಗೆ ಕೇಳುತ್ತಿತ್ತು, ಯಾರೂ ಎತ್ತಲಿಲ್ಲ. ನಿದ್ದೆ ಮಾಡಿರಬೇಕು ಎಂದುಕೊಂಡು ಕೀಲಿ ತಂದು ತೆಗೆದೆ. ಬಾಗಿಲು ಬೆರಳಿನಷ್ಟು ತೆರೆದು ನಿಂತಿತು. ಒಳಗಿನಿಂದ ಸರಪಳಿ ಹಾಕಿತ್ತು. ಆ ಸಂದಿನಿಂದ ನನ್ನ ಮುಖಕ್ಕೆ ಬಡಿದದ್ದು ಒಲೆಯ ಬಾಯಿಯಂಥ ಬಿಸಿಗಾಳಿ.

ಹೆಸರು ಹಿಡಿದು ಕೂಗಿದೆ. ಮತ್ತೆ ಕೂಗಿದೆ. ಆಮೇಲೆ ಮೆಟ್ಟಿಲಿನ ಬಳಿ ಓಡಿ, ಆಗಲೂ ಇಲ್ಲೇ ಕೆಲಸಕ್ಕಿದ್ದ ಹಾರಿಸನ್ನು ಕೂಗಿದೆ. ಅವನು ಕಬ್ಬಿಣದ ಸಲಾಕೆ ಹಿಡಿದು ಬಂದ. ಸರಪಳಿ ಸುಲಭವಾಗಿ ಕಿತ್ತು ಬರಲಿಲ್ಲ. ಅವನ ಕೈ ಬೆವರಿಗೆ ಜಾರುತ್ತಿತ್ತು. ನಾನು ಹಿಂದೆ ನಿಂತು ಯಲ್ಲಾ, ಯಲ್ಲಾ, ಬೇಗ ಬೇಗ ಎಂದು ಅವನ ಪ್ರಾಣ ತಿನ್ನುತ್ತಿದ್ದೆ. ಒಂದೊಂದು ಏಟಿಗೂ ಒಳಗಿನಿಂದ ಒಂದು ಸದ್ದಾದರೂ ಬರಲಿ ಎಂದು ಕಿವಿಗೊಡುತ್ತಿದ್ದೆ. ಬರಲಿಲ್ಲ.

ಕೊನೆಗೆ ಬಾಗಿಲು ತೆರೆಯಿತು. ಅವಳು ತನ್ನ ಕೋಣೆಯ ನೆಲದ ಮೇಲೆ, ಅಜ್ಜಿ ಊರಿನಿಂದ ಹೊಲಿದು ಕಳಿಸಿದ್ದ ಕೌದಿಯ ಮೇಲೆ ಬಿದ್ದಿದ್ದಳು. ಪಕ್ಕದಲ್ಲಿ ಖಾಲಿ ನೀರಿನ ಬಾಟಲಿ. ಮುಖ ಕೆಂಪು ಕೆಂಪು. ಮೈ ಮುಟ್ಟಿದರೆ ಸುಡುತ್ತಿತ್ತು, ಆದರೆ ಒಂದು ಹನಿ ಬೆವರಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ತುಟಿ ಏನೋ ಗೊಣಗುತ್ತಿತ್ತು, ಕಣ್ಣು ಅರ್ಧ ತೆರೆದಿತ್ತು, ನಾನು ಯಾರೆಂದು ಅವಳಿಗೆ ಗೊತ್ತಾಗಲಿಲ್ಲ.

ಹಾರಿಸ್ ಬಚ್ಚಲಿಗೆ ಓಡಿ ನಲ್ಲಿ ತಿರುಗಿಸಿ ಬಕೆಟ್ ತುಂಬಿಸತೊಡಗಿದ. ನಾನು ಕೈಯಿಟ್ಟು ನೋಡಿ ಅವನನ್ನು ತಡೆದೆ. ಬೇಸಿಗೆಯಲ್ಲಿ ಇಲ್ಲಿ ತಣ್ಣೀರಿನ ನಲ್ಲಿಯಲ್ಲಿ ಬರುವುದು ಮಾಳಿಗೆಯ ಟ್ಯಾಂಕಿನಲ್ಲಿ ಕಾದ ನೀರು, ಅದನ್ನು ಸುರಿದರೆ ಮಗು ಬೆಂದೇ ಹೋಗುತ್ತಿತ್ತು. ನಮ್ಮ ಮನೆಗೆ ಓಡಿದೆ. ಫ್ರಿಜ್ಜಿನಲ್ಲಿದ್ದ ನೀರಿನ ಬಾಟಲಿಗಳು, ಐಸಿನ ಟ್ರೇ, ಫ್ರೀಜರಿನಲ್ಲಿದ್ದ ಬಟಾಣಿಯ ಪೊಟ್ಟಣ, ತೆಂಗಿನತುರಿಯ ಪೊಟ್ಟಣ, ಕೈಗೆ ಸಿಕ್ಕಿದ್ದೆಲ್ಲ ಮಡಿಲಿಗೆ ಹಾಕಿಕೊಂಡು ಬಂದೆ. ಕತ್ತಿಗೆ, ಕಂಕುಳಿಗೆ ಅವನ್ನು ಒತ್ತಿ ಹಿಡಿದು, ಒದ್ದೆ ಬಟ್ಟೆ ಹೊದಿಸಿ, ಹಾರಿಸ್ ಕೈಯಲ್ಲಿ ಆ ಚಾರ್ಟನ್ನೇ ಕೊಟ್ಟು ಬೀಸು ಎಂದೆ. ಹಿಮಕರಡಿಯ ಚಿತ್ರವಿದ್ದ ಆ ಚಾರ್ಟು ಗಾಳಿ ಬೀಸುತ್ತಿತ್ತು... ಫೋನ್ ಮಾಡಿ ಕರೆದಿದ್ದ ಆಂಬುಲೆನ್ಸ್ ಬರುವ ತನಕ ನಾನು ಬೇಡಿಕೊಳ್ಳದ ದೇವರಿಲ್ಲ.

ಅಣ್ಣನಿಗೆ ಸುದ್ದಿ ಮುಟ್ಟಿಸುವುದೇ ಒಂದು ಪಾಡು. ಅವರಿದ್ದ ಜಾಗಕ್ಕೆ ಮೊಬೈಲ್ ಒಯ್ಯುವ ಹಾಗಿಲ್ಲ. ಕಂಟ್ರೋಲ್ ರೂಮಿಗೆ ಫೋನ್ ಮಾಡಿ, ಅಲ್ಲಿದ್ದ ಮಲಯಾಳಿ ಭಾಯಿಗೆ ಹಿಂದಿಯಲ್ಲಿ ಬಡಬಡಿಸಿದೆ. ಅಣ್ಣ ಆಸ್ಪತ್ರೆಗೆ ಬಂದಾಗ ಮೈಮೇಲೆ ಅದೇ ಕೆಲಸದ ಕವರಾಲ್, ಕಾಲಲ್ಲಿ ಅದೇ ಬೂಟು. ಅವರ ಬಾಯಿಂದ ಒಂದೇ ಒಂದು ಮಾತು ಬಂತು. "ಉಸಿರೈತಲ್ರೀ?" ಹೂಂ ಎಂದೆ. ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕೂತುಬಿಟ್ಟರು.

ಮಗು ಉಳಿಯಿತು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಹೇಳಲು ಬರುತ್ತಿರಲಿಲ್ಲ, ಇನ್ನು ಮುಂದೆ ಮೈಗೆ ಬಿಸಿ ತಾಗದ ಹಾಗೆ ನೋಡಿಕೊಳ್ಳಿ ಎಂದರು ಡಾಕ್ಟರು. ನಾವೆಲ್ಲ ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಮುಗಿದಿರಲಿಲ್ಲ. ಮನೆಗೆ ಕರೆತಂದ ಮಾರನೇ ದಿನವೇ ಅವಳು ಅಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ ಮತ್ತೆ ಏಸಿ ಆರಿಸಿದಳು. ಬೈದರು, ಕಾಲು ಹಿಡಿದರು, ಅಮ್ಮ ಒಂದು ಏಟು ಕೂಡ ಹಾಕಿದರು. ಮಗು ಅಳಲಿಲ್ಲ. ಅಪ್ಪನ ಮುಖ ನೋಡಿ ಕೇಳಿದ್ದು ಒಂದೇ. "ಯುವರ್ ಫೈರ್ ಇಸ್ ಆಲ್ಸೋ ಮೆಲ್ಟಿಂಗ್ ಇಟ್, ನೋ, ಪಪ್ಪಾ?" ಅಣ್ಣನ ಮುಖ ಕಪ್ಪಿಟ್ಟಿತು.

ಅಮ್ಮನ ರಜೆ ಮುಗಿಯಿತು, ಅಪ್ಪನದೂ ಮುಗಿಯಿತು. ಮಗುವನ್ನು ನನ್ನ ಕಣ್ಣೆದುರೇ ಇಟ್ಟುಕೊಂಡಿದ್ದೆ. ಆದರೂ ಅವಳು ಬಚ್ಚಲಿಗೆ ಹೋಗುವಾಗ ದಾರಿಯಲ್ಲಿ ನಮ್ಮ ಮನೆಯ ಥರ್ಮೋಸ್ಟಾಟಿಗೂ ಕೈ ಹಾಕುತ್ತಿದ್ದಳು. ಏಸಿಯ ಸದ್ದು ನಿಂತ ತಕ್ಷಣ ನಾನು ಒಲೆ ಬಿಟ್ಟು ಓಡುತ್ತಿದ್ದೆ. ಶಾಲೆ ಶುರುವಾಗಲು ಇನ್ನೂ ದಿನಗಳಿದ್ದವು. ಊರಿಗೆ ಕಳಿಸಿಬಿಡೋಣ ಎಂದು ಅವಳಮ್ಮ ಅಳುತ್ತಿದ್ದರು. ಇಷ್ಟು ಸಣ್ಣ ದೇಹದಲ್ಲಿ ಅಷ್ಟು ಹಟ ಎಲ್ಲಿಂದ ಬಂತೋ ನಾ ಕಾಣೆ.

ಒಂದು ಸಂಜೆ ಅಣ್ಣ ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೆ ಬಂದರು. ಹೆಂಡತಿ ಇನ್ನೂ ಆಸ್ಪತ್ರೆಯ ಡ್ಯೂಟಿಯಲ್ಲಿದ್ದರು. ಬೂಟು ಕೂಡ ಬಿಚ್ಚದೆ ಮಗಳ ಎದುರು ನೆಲದ ಮೇಲೆ ಕೂತರು.

"ಯವ್ವಾ, ನೀ ಹೇಳೂದು ಖರೆ ಐತಿ," ಎಂದರು. "ಕೂಳು ಬರೂದು ಅದರಿಂದನ, ಹಂಗಾಗಿ ನನಗ ಬಿಡಾಕ ಆಗೂದಿಲ್ಲ. ಆದ್ರ ಒಂದು ಮಾಡೂಣು. ನಿನ್ನ ಖೋಲಿ ಏಸಿ ನಡೀಲಿ. ಅದರ ಬದಲಿ ನನ್ನ ಗಾಡಿ ಏಸಿ ಬಂದ್. ನಾ ಒಬ್ಬನ ಇದ್ದಾಗ ಹಾಕಂಗಿಲ್ಲ. ನಿನ್ನ ಪಾಲಿನ ಸೆಕಿ ನಾ ತಡಕೋತೀನಿ."

ಮಗು ಕೇಳಿತು, ಅಪರೂಪಕ್ಕೆ ಕನ್ನಡದಲ್ಲೇ. "ಎಷ್ಟು ದಿನ?"

"ನೀ ಖಲಾಸ್, ಸಾಕು ಅನ್ನೂ ತನಾ."

"ಪ್ರಾಮಿಸ್?"

"ಅಕ್ಕಾರ ಸಾಕ್ಷಿ ಅದಾರಲ್ಲ."

ನನಗೆ ತಡೆಯಲಾಗಲಿಲ್ಲ, ಅಣ್ಣ ನಿಮಗೇನು ತಲೆ ಕೆಟ್ಟಿದೆಯೇ ಎಂದೆ. ಅವರು ನನ್ನತ್ತ ತಿರುಗಿ ಕಣ್ಣಲ್ಲೇ ಸುಮ್ಮನಿರಿ ಎಂದರು. ಮಗು ಎದ್ದು ತನ್ನ ಡಬ್ಬಿಯಿಂದ ಹಿಮಕರಡಿಯ ಸ್ಟಿಕ್ಕರ್ ತಂದು ನಮ್ಮ ಥರ್ಮೋಸ್ಟಾಟಿನ ಮೂಲೆಗೆ ಅಂಟಿಸಿತು. ಇಪ್ಪತ್ತೈದು ಡಿಗ್ರಿಗಿಂತ ಕೆಳಗೆ ಇಳಿಸಬಾರದೆಂದು ನನಗೂ ತಾಕೀತಾಯಿತು. ಅಂದು ರಾತ್ರಿ ಅವರ ಮನೆಯ ಏಸಿ ನಿಲ್ಲಲಿಲ್ಲ. ಆಮೇಲೆಯೂ ಯಾವತ್ತೂ ನಿಲ್ಲಲಿಲ್ಲ. ಪಡುವಣ ಬಿಸಿಲು ಬೀಳುವ ಕಿಟಕಿಗೆ ಅವರು ಊರಿನ ಕೌದಿ ಕಟ್ಟಿದರು. ಅದನ್ನು ನೋಡಿ ನಾನೂ ನಮ್ಮ ಕಿಟಕಿಗೆ ದಪ್ಪನೆಯ ಪರದೆ ಹಾಕಿದೆ.

ಮಕ್ಕಳು ಮರೆಯುತ್ತಾರೆ. ಅದು ತಪ್ಪಲ್ಲ, ಮಕ್ಕಳು ಇರುವುದೇ ಹಾಗೆ. ಹಿಮಕರಡಿಯ ಜಾಗಕ್ಕೆ ಬ್ಯಾಡ್ಮಿಂಟನ್ ಬಂತು, ಆಮೇಲೆ ಪರೀಕ್ಷೆಗಳು, ಗೆಳತಿಯರು. ಅಣ್ಣ ಮಾತ್ರ ಕಿಟಕಿ ಇಳಿಸಿಕೊಂಡೇ ಗಾಡಿ ಓಡಿಸುತ್ತಿದ್ದರು. ಕುವೈತಿನ ಬೇಸಿಗೆಯಲ್ಲಿ ಕಿಟಕಿ ಇಳಿಸಿದ ಗಾಡಿಯೆಂದರೆ ರಸ್ತೆಯಲ್ಲಿ ಹೋಗುವವರೆಲ್ಲ ತಿರುಗಿ ನೋಡುತ್ತಾರೆ. ಸ್ಥಾವರದವರು ಅವರಿಗೆ ಕಂಜೂಸ್ ಭಾಯಿ ಎಂದು ಹೆಸರಿಟ್ಟರು. ಗಾಡಿಯ ಏಸಿ ಸರಿಯಾಗಿ ಕೆಲಸ ಮಾಡುತ್ತಿಲ್ಲ, ನಾಳೆ ತೋರಿಸುತ್ತೇನೆ, ನಾಡಿದ್ದು ತೋರಿಸುತ್ತೇನೆ ಎಂದು ಹೆಂಡತಿಗೂ ಹೇಳಿಕೊಂಡು ಬಂದರು. ಶಾಲೆಯ ಗೇಟಿನ ಬಳಿ ಬಂದ ಮೇಲೆ ಕಿಟಕಿ ಏರಿಸಿ ಏಸಿ ಹಾಕುತ್ತಿದ್ದರು. ಅದು ತಣ್ಣಗಾಗುವುದರೊಳಗೆ ಮಗಳು ಹತ್ತಿ ಕೂತು, ಇದೇನು ಪಪ್ಪಾ, ರಾಯ್ ಏರಿಯಾಕ್ಕೆ ಒಯ್ದು ಅಲ್ಲಿನ ಯಾವುದಾದರೂ ಗ್ಯಾರೇಜಿನಲ್ಲಿ ತೋರಿಸಬಾರದಾ, ಗೆಳತಿಯರ ಮುಂದೆ ನಾಚಿಕೆಯಾಗುತ್ತದೆ ಎಂದು ಸಿಡುಕುತ್ತಿದ್ದಳಂತೆ. ಅಣ್ಣ ನಗುತ್ತಾ ಇದನ್ನು ನನಗೆ ಹೇಳಿದಾಗ ನನಗೆ ನಗು ಬರಲಿಲ್ಲ.

ಒಂದು ಜೂನ್ ತಿಂಗಳ ಮಧ್ಯಾಹ್ನ ಕರಾವಳಿ ರಸ್ತೆಯ ಸಿಗ್ನಲ್ಲಿನಲ್ಲಿ ಟ್ಯಾಕ್ಸಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಅವರ ಗಾಡಿ. ತಲೆಯ ಮೇಲೆ ಒದ್ದೆ ಟವೆಲು, ಕಣ್ಣು ಕೆಂಪು, ಧೂಳಿನ ಗಾಳಿ ಮುಖಕ್ಕೇ ಹೊಡೆಯುತ್ತಿತ್ತು. ಬಾಯಿ ತೆರೆದು ಉಸಿರಾಡುತ್ತಿದ್ದರು. ಆ ಹೊತ್ತಿಗೆ ಮಗಳು ಓದಲೆಂದು ಊರಿಗೆ ಹೋಗಿ ವರ್ಷ ಕಳೆದಿತ್ತು. ಎದೆಗೆ ಕೈ ಇಟ್ಟುಕೊಂಡಿದ್ದಾರೇನೋ ಎಂದು ನನಗನ್ನಿಸಿತು. ಸಿಗ್ನಲ್ ಬಿಟ್ಟಿತು, ಅವರು ಹೋಗಿಬಿಟ್ಟರು. ಮನೆಗೆ ಬಂದ ಮೇಲೆ, ಅವರ ಮನೆಯ ಬಾಗಿಲ ಬೀಗ ತೆಗೆಯುವ ಸದ್ದು ಕೇಳುವ ತನಕ ನನಗೆ ಒಳಗೆ ಕೂರಲಾಗಲಿಲ್ಲ.

ಬಾಗಿಲಿನಲ್ಲೇ ಹಿಡಿದುಕೊಂಡೆ. ಸರಿಯಾಗಿ ಜಾಡಿಸಿದೆ. "ಅಣ್ಣ, ಮಗು ಮರೆತೇ ಹೋಗಿದೆ. ನೀವು ಹೀಗೆ ಸತ್ತರೆ ಯಾವ ಕರಡಿ ಬದುಕುತ್ತೆ? ಕಿಟಕಿ ತೆಗೆದು ಜೋರಾಗಿ ಓಡಿಸಿದರೆ ಪೆಟ್ರೋಲು ಇನ್ನೂ ಜಾಸ್ತಿ ಹೋಗುತ್ತೆ, ಅಷ್ಟೂ ಗೊತ್ತಾಗಲ್ವಾ ನಿಮಗೆ?"

"ಗೊತ್ತೈತ್ರೀ ಅಕ್ಕಾರ. ಅದಕ್ಕ ಮೆಲ್ಲಕ ಹೊಡೀತೀನಿ," ಎಂದರು.

"ಈಗಲೇ ಅವಳಿಗೆ ಫೋನ್ ಮಾಡ್ತೀನಿ. ಖಲಾಸ್ ಅಂತ ಹೇಳಿಸ್ತೀನಿ."

ಅವರು ಟವೆಲು ಹಿಂಡುತ್ತಾ ತಲೆಯಾಡಿಸಿದರು. "ಬ್ಯಾಡ್ರಿ. ಕೇಳಿ ಹೇಳಿಸಿದ್ರ ಅದೇನು ಮಾತ್ರೀ? ದಿನಾ ಆ ಬೆಂಕಿ ಮುಂದ ನಿಂತು ಬರ್ತೀನಿ. ಬರೂ ದಾರಿ ಒಂದರ ಆ ಪ್ರಾಣಿ ಹೆಸರಿಗೆ ಇರಲಿ. ಆಕಿಗೆ ನೆಪ್ಪಾದಾಗ ಆಕಿನ ಅಂತಾಳ."

ನಾನು ಫೋನ್ ಮಾಡಲಿಲ್ಲ. ಅವರ ಮಾತನ್ನು ಮೀರುವುದು ನನ್ನಿಂದಾಗಲಿಲ್ಲ. ಅವರು ಅಷ್ಟು ಮೆತ್ತಗೆ ಬೇಡ ಎಂದದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ.

ಅವರ ಕೆಲಸ ಮುಗಿದು, ಇಲ್ಲಿ ವಾಸಿಸುವ ಪರವಾನಗಿ ಇಕಾಮಾ ರದ್ದು ಮಾಡಿಸಿ ಊರಿಗೆ ಹೊರಟ ದಿನ ನಮ್ಮ ಮನೆಯ ಕೀಲಿ ವಾಪಸು ಕೊಟ್ಟರು. ನಾನು ಅವರದನ್ನು ಕೊಟ್ಟೆ. ಗಾಡಿ ಮಾರಾಟವಾಗಿತ್ತು. ಅದನ್ನು ಕೊಂಡವನು ಏಸಿ ಹಾಕಿ ನೋಡಿ, ಹೊಸದರ ಹಾಗಿದೆಯಲ್ಲ ಭಾಯಿ ಎಂದು ಬೆರಗಾದನಂತೆ. ಇದನ್ನು ಹೇಳಿ ಅಣ್ಣ ಬಾಯ್ತುಂಬ ನಕ್ಕರು. ಹೋದ ಚಳಿಗಾಲದಲ್ಲಿ ಬಾಗಲಕೋಟೆಯಿಂದ ಸುದ್ದಿ ಬಂತು. ಹೃದಯಾಘಾತ. ಬೆಳಗಿನ ಚಹಾ ಕುಡಿಯುತ್ತಾ ಹೋಗಿಬಿಟ್ಟರಂತೆ... ಆ ಬಿಸಿಗಾಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಇದೆಯೋ ಇಲ್ಲವೋ ಯಾರಿಗೆ ಗೊತ್ತು. ಅಂಥ ಮನುಷ್ಯ ಎದುರು ಮನೆಯಲ್ಲಿದ್ದರು, ಈಗಿಲ್ಲ.

ಮೆಕ್ಯಾನಿಕ್ ಗೋಡೆಗೆ ಹೊಸ ಪೆಟ್ಟಿಗೆ ಕೂರಿಸುತ್ತಿದ್ದಾಗ, ಆ ಹಳೆಯ ಸ್ಟಿಕ್ಕರಿನ ಫೋಟೋ ತೆಗೆದು ಅವರ ಮಗಳಿಗೆ ಕಳಿಸಿದೆ. ಕೂಡಲೇ ಫೋನ್ ಬಂತು. ಈಗ ಅವಳಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಅಪ್ಪನ ಊರಿನ ಗಾಳಿ ಅದಕ್ಕೆ ತಾಗಿದೆ.

"ಅಯ್ಯ ಆಂಟಿ, ಇನ್ನೂ ಐತಾ ಅದು?" ಎಂದು ನಕ್ಕಳು. ಆ ದಿನದ ಹುಚ್ಚಾಟವನ್ನೆಲ್ಲ ನೆನೆಸಿಕೊಂಡು ನಕ್ಕಳು. ಅಪ್ಪನ ಮಾತು ಬಂದಾಗ ದನಿ ತಗ್ಗಿತು. "ಅಮ್ಮ ಈಗಲೂ ಅಂತಾಳ, ಪಪ್ಪಾ ಕಂಜೂಸ್ ಇದ್ದ, ಗಾಡಿ ಏಸಿ ಒಂದು ರಿಪೇರಿ ಮಾಡಿಸಲಿಲ್ಲ ಅಂತ."

"ಗಾಡಿ ಏಸಿ ಕೆಟ್ಟಿರಲಿಲ್ಲ ಕಣಮ್ಮ," ಎಂದೆ.

ಬೇಕೆಂದೇ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ಕಾಲ್ ಕಟ್ಟಾಯಿತೇನೋ ಎಂದು ಫೋನ್ ನೋಡಿಕೊಂಡೆ. ಕಟ್ಟಾಗಿರಲಿಲ್ಲ. ಅವಳು ಉಸಿರೆಳೆದುಕೊಳ್ಳುವುದು ಕೇಳುತ್ತಿತ್ತು. ಅಪ್ಪ ಕೊಟ್ಟಿದ್ದ ಮಾತಿನ ತನಕ ಅವಳಾಗೇ ಹೋಗಿ ಮುಟ್ಟಲಿ ಎಂದು ಕಾದೆ.

"ನಾ ಅನ್ನಲೇ ಇಲ್ಲ, ಅಲ್ಲಾ ಆಂಟಿ?" ಎಂದಳು ಕೊನೆಗೆ.

"ಇಲ್ಲಮ್ಮ."

ಅವಳು ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದಾರೆ ಎನ್ನುವ ಹಾಗೆ ಮೆಲ್ಲಗೆ, "ಪಪ್ಪಾ, ಖಲಾಸ್," ಎಂದಳು. ಕೇಳಬೇಕಾದವರು ಇರಲಿಲ್ಲ. ಸಾಕ್ಷಿಗೆ ನಾನೊಬ್ಬಳಿದ್ದೆ.

ಎಷ್ಟಕ್ಕೆ ಇಡಲಿ ಮೇಡಂ ಎಂದು ಮೆಕ್ಯಾನಿಕ್ ಕೇಳಿದ. ಇಪ್ಪತ್ತೈದು ಎಂದೆ.